ಬೆಟ್ಟ ಹತ್ತಿ, ಹರಿಗೋಲೇರಿ

ಅಕ್ಕಂದಿರೇ, ಹಂಪಿ ಉತ್ಸವಕ್ಕೆಂದು ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆಸುವುದುಂಟು. ದುಂಡನೆಯ ಬಿದಿರಿನ ಬುಟ್ಟಿ. ಹುಟ್ಟು ಹಾಕುವ ಕೈ ತಪ್ಪಿತೋ, ಇದ್ದಲ್ಲೇ ಗಿರಗಿರ! ನೋಡಲು ಬಲು ಮೋಜು.

ತಾರೀಖು ವರ್ಷವರ್ಷಕ್ಕೂ ಬದಲಾಗುತ್ತದೆ, ವಿಚಾರಿಸಿಕೊಂಡೇ ಹೊರಡಿ. ದಾವಣಗೆರೆ ಕಡೆಯವರಾದರೆ ಮೊದಲ ದಿನ ಉಚ್ಚಂಗಿದುರ್ಗ. ಬಿಸಿಲೇರುವ ಮುಂಚೆ ಮೆಟ್ಟಿಲು ಹತ್ತಿ, ಉಚ್ಚಂಗೆಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಪಾಂಡ್ಯರು ಆಳಿದ ಕೋಟೆ ನೋಡಿ. ಭರತ ಹುಣ್ಣಿಮೆಯಾದರೆ ಮಾತ್ರ ಜಾತ್ರೆಯ ನೂಕುನುಗ್ಗಲು. ಮಧ್ಯಾಹ್ನ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆ ಸೇರಿ ತಂಗಿ. ಕಮಲಾಪುರ ಅಲ್ಲಿಂದ ಹತ್ತಿರ. ಬುತ್ತಿಗೆ ಕಟಕ್ ಸಜ್ಜೆರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ. ಎರಡು ದಿನಕ್ಕೆ ಕೆಡುವುದಿಲ್ಲ.

ಸ್ಪರ್ಧೆ ನೋಡಿದ ಮೇಲೆ ಹಂಪಿಯ ಚಕ್ರತೀರ್ಥದಲ್ಲಿ ನೀವೂ ಹರಿಗೋಲು ಹತ್ತಿ. ನಾನು ಎರಡು ಸಲ “ನೀವು ಹೋಗಿಬನ್ನಿ” ಅಂತ ದಂಡೆಯಲ್ಲೇ ಬ್ಯಾಗು ಕಾಯುತ್ತ ಕೂತೆ. ಮೂರನೇ ಸಲ ಮಗಳು ಕೈಹಿಡಿದು ಹತ್ತಿಸಿದಳು. ತಲೆಯೇನೋ ತಿರುಗಿತು, ಮನಸ್ಸು ಮಾತ್ರ ಹೂವಿನಷ್ಟು ಹಗುರಾಯಿತು.

ಆದರೆ ಲೈಫ್ ಜಾಕೆಟ್ ಕಟ್ಟದೆ ಕಾಲಿಡಬೇಡಿ. ಜನ ಹೆಚ್ಚು ತುಂಬಿದರೆ ಇಳಿದುಬಿಡಿ. ಹೊಳೆ ತುಂಬಿದಾಗ ಹರಿಗೋಲಿನ ಆಸೆಯೇ ಬೇಡ.

ಬ್ಯಾಗು ಕಾಯುವ ಸರದಿ? ಈ ಸಲ ಯಜಮಾನರದು!