ಕಂದು ಗರುಡ

ಗರುಡ ಕಂಡರೆ ನಡೆಯುತ್ತಿದ್ದವರು ನಿಂತು, ಕೆನ್ನೆ ಬಡಿದುಕೊಂಡು ಕೈ ಮುಗಿಯೋದು ನಮ್ಮ ಜಯನಗರ, ಬನಶಂಕರಿ ಕಡೆ ಇನ್ನೂ ಇದೆ. ಆದರೆ ಅವರು ಕೈ ಮುಗಿಯೋದು ಬಣ್ಣ ನೋಡಿ. ಇಟ್ಟಿಗೆಗೆಂಪು ಮೈ, ಬೆಳ್ಳಗಿನ ತಲೆ, ಬೆಳ್ಳಗಿನ ಎದೆ ಇದ್ದರೆ ಗರುಡ. ಅದೇ ಗರುಡನ ಮರಿ ಗೂಡು ಬಿಟ್ಟು ಹೊರಗೆ ಬಂದಾಗ ಮೈಯೆಲ್ಲ ಕಂದು, ಥೇಟ್ ಹದ್ದು. ಅದನ್ನು ತಲೆಯೆತ್ತಿ ನೋಡುವವರೂ ಇಲ್ಲ.

ಗುರುತು ಹಿಡಿಯೋದು ಬಾಲದಿಂದ. ಹದ್ದಿನ ಬಾಲದ ತುದಿ ನಡುವೆ ಕಚ್ಚು ಹಾಕಿದ ಹಾಗೆ ಒಳಸರಿದಿರುತ್ತೆ, ಗರುಡನದು ದುಂಡಗೆ. ಆದರೆ ಹದ್ದು ಬಾಲವನ್ನು ಬೀಸಣಿಗೆ ಥರ ಬಿಡಿಸಿತೋ, ಕಚ್ಚು ಮಾಯ! ಅದು ಒಂದು ಸುತ್ತು ಹೊಡೆಯೋವರೆಗೆ ಕಾಯಬೇಕು.

ನಮ್ಮಮ್ಮನಿಗೆ 83. ಮಂಡಿನೋವು, ಮೆಟ್ಟಿಲು ಇಳಿಯಲಾರಳು. ಜೆ.ಪಿ. ನಗರ 7ನೇ ಹಂತದ ನಮ್ಮ ಬಾಲ್ಕನಿಯಲ್ಲಿ ಕೂತು, ಪುಟ್ಟೇನಹಳ್ಳಿ ಕೆರೆ ಕಡೆಯಿಂದ ಗರುಡ ಬರುತ್ತೇನೋ ಅಂತ ನೋಡ್ತಾ ಇರ್ತಾಳೆ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಕಂದು ಹಕ್ಕಿ ತೋರಿಸಿ, "ಅಮ್ಮಾ, ಇದೂ ಗರುಡನೇ, ಮರಿ" ಅಂದೆ.

"ಬಣ್ಣ ಯಾವಾಗ ಬರುತ್ತೆ?"

"ಪೂರ್ತಿ ಬರೋದಕ್ಕೆ ಮೂರನೇ ವರ್ಷ ಆಗಬೇಕು."

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಏನೂ ಹೇಳಲಿಲ್ಲ. ನನಗೂ ಆ ಲೆಕ್ಕ ಬೇಕಿರಲಿಲ್ಲ.

ಯಾಕಿಷ್ಟು ನಿಧಾನ ಅಂದರೆ, ಗರಿ ಬದಲಾಯಿಸೋದು ಅಂಗಿ ಬದಲಾಯಿಸಿದ ಹಾಗಲ್ಲ. ಬಾತುಕೋಳಿಗಳು ರೆಕ್ಕೆಯ ದೊಡ್ಡ ಗರಿಗಳನ್ನು ಒಟ್ಟಿಗೇ ಉದುರಿಸಿ, ಹೊಸದು ಬರೋವರೆಗೆ ಹಾರದೆ ನೀರಿನಲ್ಲೇ ಇದ್ದುಬಿಡುತ್ತವೆ. ಗರುಡನಿಗೆ ಆ ಸೌಕರ್ಯ ಇಲ್ಲ, ಹಾರದಿದ್ದರೆ ಊಟವಿಲ್ಲ. ಹಾಗಾಗಿ ಕೆಲವೇ ಗರಿ ಉದುರಿ, ಅಲ್ಲಿ ಹೊಸದು ಬೆಳೆದು, ಆಮೇಲೆ ಮುಂದಿನದು. ಕೆಳಗಿನಿಂದ ನೋಡಿದರೆ ರೆಕ್ಕೆಯಲ್ಲಿ ಹಲ್ಲು ಬಿದ್ದ ಹಾಗೆ ಸಂದು ಕಾಣುತ್ತೆ. ಮಲ್ಪೆಯ ಕಡಲಹಕ್ಕಿಗಳ ಕಥೆ ಇನ್ನೂ ತಮಾಷೆ. ಎಳೆಯವಕ್ಕೆ ಬಾಲದ ತುದಿಯಲ್ಲಿ ಕರಿ ಪಟ್ಟಿ, ಬೆಳೆದವಕ್ಕೆ ಬಿಳಿ ಬಾಲ. ಅಷ್ಟಕ್ಕೇ ಮುಗಿಯಲ್ಲ. ಕಂದುತಲೆಯ ಕಡಲಹಕ್ಕಿ ಅಂತ ಹೆಸರಿದ್ದದ್ದು ಚಳಿಗಾಲದಲ್ಲಿ ಇಲ್ಲಿಗೆ ಬಂದಾಗ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕರಿ ಮಚ್ಚೆ. ಕಂದು ತಲೆ ಮರಿ ಮಾಡುವ ಕಾಲಕ್ಕೆ ಮಾತ್ರ. ಗರುಡ ಹಾಗೆ ಕಾಲಕ್ಕೊಂದು ವೇಷ ಹಾಕಲ್ಲ, ಒಮ್ಮೆ ಬಂದ ಬಣ್ಣ ಬಂದದ್ದೇ.

ಈ ವರ್ಷ ಒಂದು ಅರೆಬರೆ ಗರುಡ ಬರ್ತಾ ಇದೆ. ಕಂದು ತಲೆಯ ಮೇಲೆ ಬೂದಿ ಬಳಿದ ಹಾಗೆ ಬಿಳುಪು. ಹೋದ ವರ್ಷದ್ದೇ ಅಂತ ಹೇಳೋದಕ್ಕೆ ಅದರ ಕಾಲಿಗೆ ನಾವೇನೂ ಬಳೆ ತೊಡಿಸಿಲ್ಲ. ಅಮ್ಮನಿಗೆ ಮಾತ್ರ ಅದೇ ಅಂತ ಖಾತ್ರಿ.

"ನೋಡೋ, ಇದಕ್ಕೆ ನರೆ ಬಂತು" ಅಂದಳು. ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟು ಕೈ ಮುಗಿದಳು.