ಎಲೆಗಳ ನಡುವೆ ಗಡ್ಡಪ್ಪ

ಪೋಸ್ಟರಿನ ಮೇಲೆ ಎರಡು ಎಲೆಗೊಂಚಲು ಎದುರುಬದುರು ಬಾಗಿರುತ್ತವೆ, ನಡುವೆ ಯಾವುದೋ ಊರಿನ ಹೆಸರು. ಸಿನಿಮೋತ್ಸವದ ಮುದ್ರೆ ಅದು. 2016ರ ಮೇ ತಿಂಗಳಲ್ಲಿ ಮೈಸೂರಿನ ಚಿತ್ರಮಂದಿರವೊಂದರ ಎದುರು ‘ತಿಥಿ’ಯ ಪೋಸ್ಟರ್ ನೋಡುತ್ತ ನಿಂತ ಹುಡುಗ ಜೊತೆಗಾರನಿಗೆ ಹೇಳಿದ: ‘ಅವಾರ್ಡ್ ಪಿಕ್ಚರ್ ಕಣ್ಲಾ, ನಿದ್ದೆ ಬತ್ತದೆ.’ ಗೌರವಕ್ಕೆಂದು ಇಟ್ಟ ಎಲೆ ಜನರನ್ನು ಹೆದರಿಸತೊಡಗಿದ್ದು ಯಾವಾಗ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇಬ್ಬರೂ ಒಳಗೆ ಬಂದರು. ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದರು. ನಿದ್ದೆ ಮಾಡಲಿಲ್ಲ.

*

ಲೊಕಾರ್ನೋ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ಇಟಾಲಿಯನ್ ಮಾತಾಡುವ ಸೀಮೆಯ, ಸರೋವರದ ದಂಡೆಯ ಊರು. ಅಲ್ಲಿನ ಉತ್ಸವ 1946ರಷ್ಟು ಹಳೆಯದು. ಪ್ರಶಸ್ತಿಯ ಗುರುತು ಚಿರತೆ. 2015ರ ಆಗಸ್ಟಿನಲ್ಲಿ ರಾಮ್ ರೆಡ್ಡಿಯವರ ‘ತಿಥಿ’ಗೆ ಅಲ್ಲಿ ಎರಡು ಪ್ರಶಸ್ತಿ ಬಂತು: ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ, ಜೊತೆಗೆ ಅತ್ಯುತ್ತಮ ಚೊಚ್ಚಲ ಚಿತ್ರ. ಕರ್ನಾಟಕದಲ್ಲಿ ಬಿಡುಗಡೆಯಾದದ್ದು 2016ರ ಮೇ 6ರಂದು. ನಡುವೆ ಒಂಬತ್ತು ತಿಂಗಳು. ಮಂಡ್ಯ ಸೀಮೆಯ ಹಳ್ಳಿಯಲ್ಲಿ, ಅಲ್ಲಿನವರೇ ನಟಿಸಿದ ಚಿತ್ರವನ್ನು ಮಂಡ್ಯದವರು ಟಿಕೆಟ್ ಕೊಂಡು ನೋಡುವ ಹೊತ್ತಿಗೆ ಅದು ಆಲ್ಪ್ಸ್ ದಾಟಿ ಬಂದಾಗಿತ್ತು. ಈ ಸುತ್ತುದಾರಿ ನನಗೆ ನೋವು ಕೊಡುತ್ತದೆ. ಆದರೆ ತಾರೆಯರಿಲ್ಲದ, ಹಾಡಿಲ್ಲದ, ಹೆಸರಿನಲ್ಲೇ ಸಾವಿನ ಮನೆ ಇರುವ ಚಿತ್ರಕ್ಕೆ ಚಿರತೆ ಮುಂದೆ ನಡೆಯದಿದ್ದರೆ ನಮ್ಮ ಊರುಗಳಲ್ಲಿ ಪರದೆ ಸಿಗುತ್ತಿತ್ತೇ?

*

ಹೊರಗಿನವರಿಗೆ ಏನು ಕೇಳಿಸಿತು ಎಂಬುದೇ ನನ್ನ ದೊಡ್ಡ ಕುತೂಹಲ. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಗೆ ಊರಿಗೆಲ್ಲ ಊಟ ಹಾಕಬೇಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ, ಮಗ ಗಡ್ಡಪ್ಪನಿಗೆ ಜಮೀನೇ ಬೇಡ. ಬೀಡಿ, ಬ್ರಾಂದಿ, ನಡಿಗೆ ಇಷ್ಟಿದ್ದರೆ ಸಾಕು. ಆಗ ತಮ್ಮಣ್ಣ ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಲು ಹೊರಡುತ್ತಾನೆ. ಕತೆ ಎಲ್ಲಿಯವರಿಗೂ ತಿಳಿಯುತ್ತದೆ. ಖಾತೆ, ಪಹಣಿ ಕಂಡವರಿಗೆ ಸ್ವಲ್ಪ ಹೆಚ್ಚು ತಿಳಿಯುತ್ತದೆ. ಮಾತು? ರಾಮ್ ರೆಡ್ಡಿಯವರ ಜೊತೆ ಚಿತ್ರಕತೆ ಬರೆದ ಈರೇಗೌಡರು ಮಂಡ್ಯ ಸೀಮೆಯ ನೊದೆಕೊಪ್ಪಲಿನವರು. ಬೈಗುಳವೂ ಅಕ್ಕರೆಯೂ ಒಂದೇ ಉಸಿರಿನಲ್ಲಿ ಬರುವ ಆ ಸೀಮೆಯ ಮಾತು ಪರದೆಯ ಅಡಿಯ ಒಂದು ಸಾಲಿನಲ್ಲಿ ಹಿಡಿಯುವಂಥದ್ದಲ್ಲ. ಮೈಸೂರಿನಲ್ಲಿ ಜನ ಘೊಳ್ಳೆಂದು ನಕ್ಕದ್ದು ಹೆಚ್ಚಾಗಿ ಮಾತಿನ ವರಸೆಗೇ. ಹಾಗಾದರೆ ಲೊಕಾರ್ನೋದ ತೀರ್ಪುಗಾರರು ಮೆಚ್ಚಿದ್ದು ಬೇರೆ ಯಾವುದನ್ನೋ ಇರಬೇಕು. ಮುಖಗಳನ್ನೇ? ಗಡ್ಡಪ್ಪ ನಡೆಯುವ ರೀತಿಯನ್ನೇ? ಒಂದೇ ಚಿತ್ರದೊಳಗೆ ಎರಡು ಚಿತ್ರಗಳಿದ್ದವು ಎಂದು ಈಗಲೂ ನಂಬಿದ್ದೇನೆ. ಪ್ರಶಸ್ತಿ ಬಂದದ್ದು ಒಂದಕ್ಕೆ; ಇನ್ನೊಂದನ್ನು ಅಳೆಯಲು ನಾವೇ ಬೇಕಿತ್ತು.

*

63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ. ಅತ್ಯುತ್ತಮ ಕಥಾಚಿತ್ರ: ‘ಬಾಹುಬಲಿ’. ಅದೇ ಪಟ್ಟಿಯಲ್ಲಿ ಕೆಳಗೆ, ಅತ್ಯುತ್ತಮ ಕನ್ನಡ ಚಿತ್ರ: ‘ತಿಥಿ’. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಯಾವ ಕಲ್ಲು ಇಟ್ಟು ತೂಗಿದರೆಂಬುದು ಮಾತ್ರ ಅರ್ಥವಾಗಿಲ್ಲ.

*

ಈರೇಗೌಡರು ತಾವೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮಿನಲ್ಲಿ ವಿಮರ್ಶಕರ ಅಂತಾರಾಷ್ಟ್ರೀಯ ಒಕ್ಕೂಟದ ಪ್ರಶಸ್ತಿ ಪಡೆಯಿತು. ‘ತಿಥಿ’ ನೋಡಿ ನಕ್ಕ ಗೆಳೆಯರನ್ನು ಕೇಳಿದೆ. ಒಬ್ಬರೂ ಅದನ್ನು ನೋಡಿರಲಿಲ್ಲ. ಎಲೆ ಅದಕ್ಕೂ ಇತ್ತು. ಎಲೆಯೊಂದೇ ಸಾಲದು ಎಂದಾದರೆ, ಇನ್ನೇನು ಬೇಕಿತ್ತು?

*

ಸೆಂಚುರಿಗೌಡನಾಗಿದ್ದವರು ಸಿಂಗ್ರೀಗೌಡರು, ಗಡ್ಡಪ್ಪನಾಗಿದ್ದವರು ಚನ್ನೇಗೌಡರು. ಆಮೇಲೆ ‘ತರ್ಲೆ ವಿಲೇಜ್’ನಂಥ ಚಿತ್ರಗಳಿಗೆ ಇಬ್ಬರನ್ನೂ ಕರೆದರು. ಮುಪ್ಪಿನಲ್ಲಿ ನಟರಾದ ಇವರನ್ನು ಜನ ಕರೆದದ್ದು ಪಾತ್ರದ ಹೆಸರಿನಿಂದಲೇ. 2020ರಲ್ಲಿ ಸಿಂಗ್ರೀಗೌಡರು ತೀರಿಕೊಂಡರು, 2025ರ ನವೆಂಬರಿನಲ್ಲಿ ಚನ್ನೇಗೌಡರು. ಆ ದಿನ ನಾನು ಓದಿದ ಸುದ್ದಿಯ ತಲೆಬರಹದಲ್ಲಿ ‘ತಿಥಿ’ ಖ್ಯಾತಿಯ ಗಡ್ಡಪ್ಪ ಎಂದಿತ್ತು. ಚಿರತೆಯ ಮಾತಿರಲಿಲ್ಲ. ಚನ್ನೇಗೌಡ ಎಂಬ ಹೆಸರು ಎರಡನೇ ಸಾಲಿನಲ್ಲಿತ್ತು.