ಒಂದು ಸಾಲಿನ ಹಿಂದೆ ಇಷ್ಟು ತಂತಿ!

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬ್ಲೆಚ್ಲಿ ಬರುತ್ತದೆ. ನೋಡಿ ಮರುಳಾಗುವಂಥ ಊರಲ್ಲ. ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಬ್ಲೆಚ್ಲಿ ಪಾರ್ಕ್: ಒಂದು ಕೊಳ, ಹುಲ್ಲುಹಾಸು, ಯಾವ ಶೈಲಿಯದೆಂದು ಹೇಳಲಾಗದ ಬಂಗಲೆ, ಸುತ್ತ ಹಲಗೆಯ ಶೆಡ್ಡುಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆದದ್ದು ಇಲ್ಲೇ.

ಇತಿಹಾಸದ ಹುಚ್ಚು ನನ್ನನ್ನು ಇಲ್ಲಿಗೆ ತಂದದ್ದಲ್ಲ. ಗೂಢಲಿಪಿಯ ಪುಸ್ತಕಗಳು ತಲೆಗೆ ಹತ್ತದಿದ್ದಾಗ, ಎನಿಗ್ಮಾ ಯಂತ್ರವನ್ನು ಪೈಥಾನ್ ಭಾಷೆಯಲ್ಲಿ ನಾನೇ ಬರೆದು ನೋಡೋಣ ಅಂತ ಬೆಂಗಳೂರಿನಲ್ಲಿ ಕೂತಿದ್ದೆ. ಅಕ್ಷರ ಬದಲಿಸುವ ಅದರ ಮೂರು ಗಾಲಿ ಮೂರು ಪಟ್ಟಿಗಳಾದವು, ವಿದ್ಯುತ್ತನ್ನು ಹಿಂದಕ್ಕೆ ತಿರುಗಿಸುವ ಪ್ರತಿಫಲಕ ಇನ್ನೊಂದು ಪಟ್ಟಿ. ಒಂದು, ಎರಡು, ಮೂರನೇ ಗಾಲಿಗಳನ್ನು ಕ್ರಮವಾಗಿ ಹಾಕಿ, ಎಲ್ಲವನ್ನೂ ‘ಎ’ಗೆ ನಿಲ್ಲಿಸಿ ಐದು ಸಲ ‘ಎ’ ಒತ್ತಿದರೆ ಬಿ, ಡಿ, ಜೆಡ್, ಜಿ, ಓ ಬರಬೇಕು. ಎನಿಗ್ಮಾ ಬರೆಯುವವರು ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆ ಇದು. ಆ ಐದೂ ಅಕ್ಷರ ತೆರೆಯ ಮೇಲೆ ಸಾಲಾಗಿ ಮೂಡಿದಾಗ ಮೈ ಜುಮ್ಮೆಂದಿತ್ತು. ಎಷ್ಟು ಸಲ ಒತ್ತಿದರೂ ‘ಎ’ಗೆ ‘ಎ’ ಮಾತ್ರ ಬರುವುದಿಲ್ಲ. ಪ್ರತಿಫಲಕದ ದೆಸೆಯಿಂದ ಯಾವ ಅಕ್ಷರವೂ ತನಗೆ ತಾನೇ ಆಗಲಾರದು. ಬ್ಲೆಚ್ಲಿಯವರು ಕೈ ಹಾಕಿದ ಬಿರುಕುಗಳಲ್ಲಿ ಇದು ದೊಡ್ಡದು. ಸಂದೇಶದಲ್ಲಿ ‘ಹವಾಮಾನ ವರದಿ’ ಎಂಬ ಪದ ಇದೆಯೆಂದು ಊಹಿಸಿ, ಗೂಢಲಿಪಿಯ ಕೆಳಗೆ ಆ ಪದವನ್ನು ಸರಿಸುತ್ತಾ ಹೋಗುವುದು. ಎಲ್ಲಾದರೂ ಮೇಲಿನ ಅಕ್ಷರವೂ ಕೆಳಗಿನ ಅಕ್ಷರವೂ ಒಂದೇ ಆದರೆ ಆ ಜಾಗ ರದ್ದು.

ಪೋಲೆಂಡಿನವರನ್ನು ನೆನೆಯದೆ ಮುಂದೆ ಹೋದರೆ ಅನ್ಯಾಯ. ಮರಿಯನ್ ರೆಯೆವ್‌ಸ್ಕಿ 1932ರಲ್ಲೇ ಗಣಿತದ ಬಲದಿಂದ ಗಾಲಿಗಳೊಳಗಿನ ತಂತಿ ಜೋಡಣೆಯನ್ನು ಕಂಡುಹಿಡಿದಿದ್ದ. 1939ರ ಜುಲೈನಲ್ಲಿ ಪೋಲಿಷರು ತಮ್ಮ ವಿದ್ಯೆಯನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಧಾರೆ ಎರೆದರು.

ಎನಿಗ್ಮಾ ಒಡೆಯಲು ಬ್ರಿಟಿಷರು ಬಳಸಿದ ಬಾಂಬ್ ಯಂತ್ರದ ಮರುನಿರ್ಮಾಣ ಇರುವುದು ಪಕ್ಕದ ರಾಷ್ಟ್ರೀಯ ಕಂಪ್ಯೂಟಿಂಗ್ ಮ್ಯೂಸಿಯಮ್ಮಿನಲ್ಲಿ. ಅದಕ್ಕೆ ಬೇರೆ ಟಿಕೆಟ್. ಹೆಸರು ಬಾಂಬ್ ಆದರೂ ಸಿಡಿಯುವಂಥದ್ದಲ್ಲ, ಗಣಿತಜ್ಞ ಅಲನ್ ಟ್ಯೂರಿಂಗ್ ರೂಪಿಸಿದ ಸಂಕೇತ ಒಡೆಯುವ ಯಂತ್ರ. ಮುಂದುಗಡೆ ಕೆಂಪು, ಹಸಿರು, ಹಳದಿ ಬಣ್ಣದ 108 ಡ್ರಮ್ಮುಗಳು. ಅಲ್ಲಿನ ಸ್ವಯಂಸೇವಕಿ ಸ್ವಿಚ್ ಹಾಕಿದ್ದೇ ತಡ, ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿಗೆ ಹೊಕ್ಕ ಹಾಗಾಯಿತು. ಮೇಲಿನ ಸಾಲು ಒಂದು ಸುತ್ತು ಸುತ್ತಿದರೆ ನಡುವಿನದು ಒಂದು ಹೆಜ್ಜೆ. ಹೀಗೆ ಮೂರು ಗಾಲಿಗಳ 17,576 ಸ್ಥಾನ ಮುಗಿಸಲು ಮೊದಮೊದಲ ಯಂತ್ರಗಳಿಗೆ ಸುಮಾರು ಕಾಲು ಗಂಟೆ ಬೇಕಾಗುತ್ತಿತ್ತು.

“ಮಾವ, ಇದು ಉತ್ತರ ಹುಡುಕ್ತಾ ಇದೆಯಾ?” ಜೊತೆಗೆ ಬಂದಿದ್ದ ತಂಗಿಯ ಮಗ ಕಿವಿಯ ಹತ್ತಿರ ಬಂದು ಕೂಗಿದ.

“ಇಲ್ಲ ಕಣೋ, ತಪ್ಪುಗಳನ್ನ ಎಸೀತಾ ಇದೆ.”

ಎನಿಗ್ಮಾದ ಮುಂಭಾಗದಲ್ಲಿ ಅಕ್ಷರಗಳನ್ನು ಜೋಡಿ ಮಾಡುವ ಪ್ಲಗ್ ಹಲಗೆಯೊಂದಿದೆ. 10 ಜೋಡಿ ಮಾಡುವ ಬಗೆಗಳು 15,07,38,27,49,37,250. ಅಷ್ಟನ್ನೂ ಒಂದೊಂದಾಗಿ ನೋಡುವುದು ಆಗದ ಮಾತು. ಬಾಂಬ್ ಹಾಗೆ ಮಾಡುವುದೂ ಇಲ್ಲ. ‘ಎ’ಯ ಜೋಡಿ ‘ಜಿ’ ಅಂದುಕೊಳ್ಳಿ. ಅದು ನಿಜವಾದರೆ ಇನ್ನೊಂದು ಜೋಡಿ ನಿಜವಾಗಬೇಕು, ಅದರಿಂದ ಮತ್ತೊಂದು. ಸುತ್ತಿ ಬಂದು ‘ಎ’ಯ ಜೋಡಿ ‘ಟಿ’ ಕೂಡ ಹೌದೆಂದರೆ ಊಹೆ ಸುಳ್ಳು. ನನ್ನ ಪ್ರೋಗ್ರಾಮ್ ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹಿಡಿದು ಹೋಗುತ್ತದೆ. ಇಲ್ಲಿ ವಿದ್ಯುತ್ತು ಎಲ್ಲ ಕೊಂಡಿಗಳಲ್ಲೂ ಒಮ್ಮೆಗೇ ಹರಿದುಬಿಡುತ್ತದೆ! ತರ್ಕವನ್ನು ತಂತಿಯಲ್ಲಿ ಹರಿಸಬಹುದೆಂದು ಯಾರಿಗಾದರೂ ಹೊಳೆದೀತು ಅಂತ ನಾನಂತೂ ಎಣಿಸಿರಲಿಲ್ಲ.

ಸ್ವಯಂಸೇವಕಿ ಹಿಂಬದಿ ತೋರಿಸಿದರು. ಕೆಂಪು ತಂತಿಗಳ ಕಾಡು. ಅದರೊಳಗೆಲ್ಲೋ ಬ್ಲೆಚ್ಲಿಯ ಗಣಿತಜ್ಞ ಗಾರ್ಡನ್ ವೆಲ್ಷ್‌ಮನ್ ಸೇರಿಸಿದ ಕರ್ಣ ಫಲಕ. ‘ಎ’ಗೆ ‘ಜಿ’ ಜೋಡಿಯಾದರೆ ‘ಜಿ’ಗೂ ‘ಎ’ಯೇ ಜೋಡಿ ಎಂಬ ಸರಳ ಸಂಗತಿಯನ್ನು ಯಂತ್ರಕ್ಕೆ ತಿಳಿಸುವುದಷ್ಟೇ ಅದರ ಕೆಲಸ. ನಾನು ಒಂದೇ ಸಾಲಿನಲ್ಲಿ ಬರೆದು ಮರೆತಿದ್ದದ್ದು ಇಲ್ಲಿ ಕೈಯಲ್ಲಿ ಹಿಡಿಯುವಷ್ಟು ದಪ್ಪ ತಂತಿಕಟ್ಟುಗಳಾಗಿ ನಿಂತಿತ್ತು. ಅವನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಹುಡುಗ ತೋಳು ಹಿಡಿದು ಎಳೆದ.

ಅದೇ ಮ್ಯೂಸಿಯಮ್ಮಿನಲ್ಲಿ ಸಂಕೇತ ಒಡೆಯುವ ಇನ್ನೊಂದು ಯಂತ್ರ ಕೊಲಾಸಸ್ ಕೂಡ ಇದೆ. ಸೆಕೆಂಡಿಗೆ 5,000 ಅಕ್ಷರ ಓದಿಸುತ್ತಾ ಕಾಗದದ ಪಟ್ಟಿ ಭರ್ರನೆ ಓಡುತ್ತದೆ. ಅದು ಎದುರಿಸಿದ್ದು ಲೊರೆಂಜ್ ಎಂಬ 12 ಗಾಲಿಯ ಜರ್ಮನ್ ಗೂಢಲಿಪಿ ಯಂತ್ರವನ್ನು. ಬ್ಲೆಚ್ಲಿಯವನೇ ಆದ ಬಿಲ್ ಟಟ್ ಆ ಯಂತ್ರವನ್ನು ಕಣ್ಣಾರೆ ಕಾಣದೆಯೇ, ಗೂಢಲಿಪಿಯಿಂದ ಬಿಡಿಸಿ ತೆಗೆದ ಕೀಲಿಯ ಸಾಲಿನಲ್ಲಿ 41ರ ಆವರ್ತನೆ ಹಿಡಿದು ಒಳರಚನೆಯನ್ನು ಬಿಡಿಸಿದ್ದ. ಅದರ ಐದು ಗಾಲಿಗಳ ಪಿನ್ನುಗಳ ಸಂಖ್ಯೆಯನ್ನು ಅಲ್ಲೇ ಟಿಕೆಟ್ಟಿನ ಬೆನ್ನಿಗೆ ಗೀಚಿಕೊಂಡೆ: 41, 31, 29, 26, 23. ಮುಂದಿನ ಪ್ರೋಗ್ರಾಮ್ ಶುರುವಾಗುವುದು ಇಲ್ಲಿಂದಲೇ.